ಬಹುಮತಕ್ಕೂ ಲಗಾಮು ಏಕೆ ಬೇಕು: ಲಾಕ್‌ನಿಂದ ಶ್ಕ್ಲಾರ್‌ವರೆಗೆ ಉದಾರವಾದದ ವಾದಗಳು

2014ರ ಜುಲೈ 26ರಂದು ಹಂಗೇರಿಯ ಪ್ರಧಾನಿಯಾಗಿದ್ದ ವಿಕ್ಟರ್ ಒರ್ಬಾನ್ ಪಕ್ಕದ ರೊಮೇನಿಯಾ ದೇಶದಲ್ಲಿ, ಹಂಗೇರಿಯನ್ ಭಾಷಿಕರು ಹೆಚ್ಚಾಗಿರುವ ಸಣ್ಣ ಊರೊಂದರ ಬೇಸಿಗೆ ಶಿಬಿರದಲ್ಲಿ ಮಾಡಿದ ಭಾಷಣ ಇಂದಿಗೂ ಜಗತ್ತಿನ ರಾಜಕೀಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಪ್ರಜಾಪ್ರಭುತ್ವವೆಂದರೆ ಅದು ಉದಾರವಾದಿಯೇ (ಲಿಬರಲ್, ಅಂದರೆ ಅಧಿಕಾರಕ್ಕೆ ಮಿತಿ ಹಾಕಿ ವ್ಯಕ್ತಿಯ ಸ್ವಾತಂತ್ರ್ಯ ಕಾಯುವಂಥದ್ದು) ಆಗಿರಬೇಕೆಂಬ ನಿಯಮವೇನೂ ಇಲ್ಲ, ತಾವು ಕಟ್ಟುತ್ತಿರುವುದು ಉದಾರವಾದಿಯಲ್ಲದ ರಾಷ್ಟ್ರವನ್ನು ಎಂದು ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಪಾಶ್ಚಾತ್ಯ ಮಾದರಿಯ ಉದಾರವಾದವನ್ನು ಅನುಸರಿಸದೆಯೂ ಯಶಸ್ಸು ಕಾಣುತ್ತಿರುವ ದೇಶಗಳೆಂದು ಸಿಂಗಪುರ, ಚೀನಾ, ರಷ್ಯಾ, ಟರ್ಕಿಗಳ ಜೊತೆಗೆ ಭಾರತದ ಹೆಸರನ್ನೂ ಎತ್ತಿದರು. ಐದು ವರ್ಷಗಳ ನಂತರ, 2019ರಲ್ಲಿ, ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಲಂಡನ್ನಿನ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಉದಾರವಾದಿ ಚಿಂತನೆಯ ಕಾಲ ಮುಗಿದಿದೆ ಎಂದು ಘೋಷಿಸಿದರು.

ಇಂಥ ಮಾತುಗಳು ವೇದಿಕೆಯಿಂದ ಕೇಳುವಾಗ ತತ್ವಶಾಸ್ತ್ರದ ಜಗಳದಂತೆ ತೋರುತ್ತವೆ. ಆಡಳಿತದಲ್ಲಿ ಅವು ಯಾವ ರೂಪ ತಾಳುತ್ತವೆ ಎಂಬುದಕ್ಕೆ ಹಂಗೇರಿಯ ನ್ಯಾಯಾಧೀಶರ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. 2010ರ ಚುನಾವಣೆಯಲ್ಲಿ ಒರ್ಬಾನ್ ಅವರ ಪಕ್ಷ ಶೇ. 53ರಷ್ಟು ಮತ ಗಳಿಸಿ, ಅಲ್ಲಿನ ಚುನಾವಣಾ ಪದ್ಧತಿಯ ಕಾರಣದಿಂದ ಸಂಸತ್ತಿನ ಮೂರನೇ ಎರಡರಷ್ಟು ಸ್ಥಾನಗಳನ್ನು ಪಡೆಯಿತು. ಆ ಬಲದಿಂದ ಹೊಸ ಸಂವಿಧಾನವನ್ನೇ ರೂಪಿಸಿತು; ಅದು 2012ರ ಜನವರಿ 1ರಂದು ಜಾರಿಗೆ ಬಂತು. ನ್ಯಾಯಾಧೀಶರು ಸಾಮಾನ್ಯ ನಿವೃತ್ತಿ ವಯಸ್ಸಿನವರೆಗೆ ಮಾತ್ರ ಹುದ್ದೆಯಲ್ಲಿರಬಹುದು ಎಂಬುದು ಅದರ ಒಂದು ನಿಯಮ. ಓದಿದರೆ ಯಾರಿಗೂ ತಪ್ಪು ಕಾಣದಂಥ ಸಾಲು. ಆದರೆ ಅದುವರೆಗೆ ನ್ಯಾಯಾಧೀಶರು 70ರ ವಯಸ್ಸಿನವರೆಗೆ ಕೆಲಸ ಮಾಡಬಹುದಿತ್ತು, ಸಾಮಾನ್ಯ ನಿವೃತ್ತಿ ವಯಸ್ಸು 62 ಆಗಿತ್ತು. ಈ ಒಂದು ಸಾಲಿನಿಂದ ಮೇಲಿನ ನ್ಯಾಯಾಲಯಗಳ ಹಿರಿಯರೂ ಸೇರಿದಂತೆ ಇನ್ನೂರಕ್ಕೂ ಹೆಚ್ಚು ನ್ಯಾಯಾಧೀಶರು ಒಮ್ಮೆಲೇ ಮನೆಗೆ ಹೋಗಬೇಕಾಯಿತು, ಖಾಲಿಯಾದ ಜಾಗಗಳಿಗೆ ಹೊಸಬರ ನೇಮಕ ಆರಂಭವಾಯಿತು. ಅದೇ ವರ್ಷದ ಜುಲೈನಲ್ಲಿ ಹಂಗೇರಿಯದೇ ಸಾಂವಿಧಾನಿಕ ನ್ಯಾಯಾಲಯವೂ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ ಈ ಕ್ರಮ ಸಲ್ಲದೆಂದು ತೀರ್ಪಿತ್ತವು. ಅಷ್ಟು ಹೊತ್ತಿಗೆ ಅನೇಕ ಕುರ್ಚಿಗಳಲ್ಲಿ ಬೇರೆಯವರು ಕುಳಿತಾಗಿತ್ತು.

ಇದರಲ್ಲಿ ಯಾರನ್ನೂ ಬಂಧಿಸಲಿಲ್ಲ, ಯಾವ ಮತಗಟ್ಟೆಯನ್ನೂ ವಶಪಡಿಸಿಕೊಳ್ಳಲಿಲ್ಲ. ಜನರು ಆರಿಸಿದ ಸಂಸತ್ತು ನಿಯಮಬದ್ಧವಾಗಿ ಮತ ಹಾಕಿ ಕಾನೂನು ಮಾಡಿತು. ಹಾಗಿದ್ದರೆ ತಪ್ಪು ಎಲ್ಲಿದೆ ಎಂಬ ಪ್ರಶ್ನೆಯನ್ನು ಒರ್ಬಾನ್ ಅವರ ಬೆಂಬಲಿಗರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ, ಮತ್ತು ಅದಕ್ಕೆ ಉತ್ತರಿಸಬೇಕಾದರೆ ಉದಾರವಾದಿ ತತ್ವಜ್ಞಾನಿಗಳ ಬಳಿಗೆ ಹೋಗದೆ ಬೇರೆ ದಾರಿಯಿಲ್ಲ. ಉದಾರವಾದವನ್ನು ಮುಕ್ತ ಮಾರುಕಟ್ಟೆಯೆಂದೋ, ಪಾಶ್ಚಾತ್ಯ ಜೀವನಶೈಲಿಯೆಂದೋ, ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದೆಂಬ ಸಡಿಲಿಕೆಯೆಂದೋ ತಿಳಿಯುವುದು ಈಗ ರೂಢಿಯಾಗಿದೆ. ಮುನ್ನೂರೈವತ್ತು ವರ್ಷಗಳ ಈ ಪರಂಪರೆಯನ್ನು ಓದಿದಾಗ ನನಗೆ ಕಾಣುವ ಎಳೆ ಬೇರೆ. ಒಬ್ಬ ಮನುಷ್ಯನ ಮೇಲೆ ಅಧಿಕಾರ ನಡೆಸುವವರು ಯಾರೇ ಆಗಿರಲಿ, ಆ ಮನುಷ್ಯನಿಗೆ ಒಪ್ಪಬಹುದಾದ ಕಾರಣ ಕೊಡಬೇಕು. ಕಾರಣ ಕೊಡದಿದ್ದಾಗ ಅವರನ್ನು ತಡೆಯುವ ವ್ಯವಸ್ಥೆ ಇರಬೇಕು. ಯಾರ ಅಧಿಕಾರಕ್ಕೆ ಹೆಚ್ಚು ಅಂಜಬೇಕು ಎಂಬ ವಿಷಯದಲ್ಲಿ ಮಾತ್ರ ಈ ಚಿಂತಕರು ಒಬ್ಬರಿಗೊಬ್ಬರು ಕೂಡಿಬರುವುದಿಲ್ಲ, ಹಲವು ಸಲ ಕಟುವಾಗಿಯೇ ಜಗಳವಾಡುತ್ತಾರೆ.

ಮೊದಲನೆಯವನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. 1632ರಲ್ಲಿ ಹುಟ್ಟಿದ ಈತ ಅಂಜಿದ್ದು ರಾಜನಿಗೆ, ಮತ್ತು ಆ ಅಂಜಿಕೆ ಪುಸ್ತಕದಿಂದ ಬಂದದ್ದಲ್ಲ. ಸರ್ಕಾರದ ಬಗ್ಗೆ ಅವನು ಬರೆದ ಎರಡು ಪ್ರಬಂಧಗಳು ರಾಜನನ್ನು ಪದಚ್ಯುತಗೊಳಿಸಿದ 1688ರ ಇಂಗ್ಲೆಂಡಿನ ಕ್ರಾಂತಿಯನ್ನು ಸಮರ್ಥಿಸಲು ಹುಟ್ಟಿದವೆಂದು ಬಹುಕಾಲ ನಂಬಲಾಗಿತ್ತು. ಬಹುಭಾಗ ಅದಕ್ಕೂ ಹಲವು ವರ್ಷ ಮೊದಲೇ, ರಾಜದ್ರೋಹದ ಆರೋಪ ಯಾವ ಗಳಿಗೆಯಲ್ಲಾದರೂ ಬರಬಹುದಾಗಿದ್ದ ದಿನಗಳಲ್ಲಿ ರಚನೆಯಾಯಿತೆಂದು ನಂತರದ ಸಂಶೋಧಕರು ತೋರಿಸಿದರು. ಅಪಾಯ ಎಷ್ಟಿತ್ತೆಂದರೆ, 1683ರಲ್ಲಿ ಆಲ್ಜರ್ನನ್ ಸಿಡ್ನಿ ಎಂಬ ಗಣರಾಜ್ಯವಾದಿಯ ವಿಚಾರಣೆ ನಡೆದಾಗ, ರಾಜದ್ರೋಹ ಸಾಬೀತಾಗಲು ಬೇಕಿದ್ದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಮಾತ್ರ ಸಿಕ್ಕಿದ. ಎರಡನೆಯ ಸಾಕ್ಷಿಯ ಸ್ಥಾನದಲ್ಲಿ ಸಿಡ್ನಿಯ ಮೇಜಿನ ಮೇಲೆ ಸಿಕ್ಕ, ಇನ್ನೂ ಅಚ್ಚಾಗದ ಹಸ್ತಪ್ರತಿಯನ್ನೇ ಇಡಲಾಯಿತು. ಬರೆಯುವುದೂ ಕೃತ್ಯವೇ ಎಂದು ನ್ಯಾಯಾಧೀಶ ಜೆಫ್ರೀಸ್ ಹೇಳಿದ. ಸಿಡ್ನಿಯ ತಲೆ ಕಡಿಯಲಾಯಿತು. ಅದೇ ವರ್ಷ ಲಾಕ್ ಹಾಲೆಂಡಿಗೆ ಓಡಿಹೋದ. 1689ರಲ್ಲಿ ಪುಸ್ತಕ ಪ್ರಕಟವಾದಾಗಲೂ ಅದರ ಮೇಲೆ ಲೇಖಕನ ಹೆಸರಿರಲಿಲ್ಲ. ಅದು ತನ್ನದೆಂದು ಅವನು ಒಪ್ಪಿಕೊಂಡದ್ದು 1704ರಲ್ಲಿ ತೀರಿಕೊಳ್ಳುವ ಮುನ್ನ, ಉಯಿಲಿನಲ್ಲಿ.

ಲಾಕ್‌ನ ವಾದ ಇಂದು ಸರಳವೆನಿಸುತ್ತದೆ, ಏಕೆಂದರೆ ಅದು ನಮ್ಮ ಸಾಮಾನ್ಯ ತಿಳಿವಳಿಕೆಯಲ್ಲೇ ಕರಗಿಹೋಗಿದೆ. ಯಾರೂ ಇನ್ನೊಬ್ಬರ ಮೇಲೆ ಆಳುವ ಹಕ್ಕು ಹೊತ್ತು ಹುಟ್ಟುವುದಿಲ್ಲ. ಪ್ರಾಣ, ಸ್ವಾತಂತ್ರ್ಯ, ಆಸ್ತಿ ಇವುಗಳ ರಕ್ಷಣೆಗಾಗಿ ಜನರು ಸಮ್ಮತಿಯಿಂದ ಸರ್ಕಾರವನ್ನು ರಚಿಸಿಕೊಳ್ಳುತ್ತಾರೆ. ಸರ್ಕಾರದ ಕೈಯಲ್ಲಿರುವುದು ಒಡೆತನವಲ್ಲ, ನಂಬಿ ಒಪ್ಪಿಸಿದ ಹೊಣೆ. ಆ ನಂಬಿಕೆಯನ್ನು ಮುರಿದಾಗ ಅಧಿಕಾರ ಮೂಲಕ್ಕೆ, ಅಂದರೆ ಜನರಿಗೆ, ಹಿಂತಿರುಗುತ್ತದೆ. ಈ ವಾದದಲ್ಲಿ ರಾಜನಿಗೆ ಹಾಕಿದ ಗೆರೆ ಶಾಸನಸಭೆಗೂ ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು. ಜನರೇ ಆರಿಸಿದ ಶಾಸನಸಭೆಯೂ ಮನಸ್ಸಿಗೆ ಬಂದಂತೆ ಆಳುವಂತಿಲ್ಲ, ಎಲ್ಲರಿಗೂ ಒಂದೇ ಆಗಿರುವ, ಮೊದಲೇ ಪ್ರಕಟವಾದ ಕಾನೂನಿನ ಮೂಲಕವೇ ಆಳಬೇಕು ಎಂದು ಲಾಕ್ ಸ್ಪಷ್ಟವಾಗಿ ಬರೆದಿದ್ದಾನೆ. ಯಾರನ್ನು ತೆಗೆಯಬೇಕೆಂದು ಮೊದಲು ನಿರ್ಧರಿಸಿ, ಅನಂತರ ಎಲ್ಲರಿಗೂ ಅನ್ವಯಿಸುವಂತೆ ಕಾಣುವ ವಯೋಮಿತಿಯನ್ನು ಹುಡುಕುವ ಶಾಸನ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ.

1685ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದುಗೊಳಿಸಿದಾಗ, ಆಮ್‌ಸ್ಟರ್‌ಡ್ಯಾಮಿನಲ್ಲಿ ತಲೆಮರೆಸಿಕೊಂಡಿದ್ದ ಲಾಕ್ ಸಹಿಷ್ಣುತೆಯ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪತ್ರ ಬರೆದ. ದೊರೆಯ ಕೈಯಲ್ಲಿರುವುದು ಖಡ್ಗ. ಖಡ್ಗಕ್ಕೆ ದೇಹವನ್ನು ಬಗ್ಗಿಸಲು ಬರುತ್ತದೆ, ಒಳಗಿನ ನಂಬಿಕೆಯನ್ನು ಬದಲಿಸಲು ಬರುವುದಿಲ್ಲ, ಆದ್ದರಿಂದ ಆತ್ಮದ ಉದ್ಧಾರ ಸರ್ಕಾರದ ಕೆಲಸವಲ್ಲ ಎಂಬುದು ಅದರ ತಿರುಳು. ಅದೇ ಪತ್ರದಲ್ಲಿ ಅವನು ನಾಸ್ತಿಕರಿಗೆ ಸಹಿಷ್ಣುತೆಯ ಬಾಗಿಲು ಮುಚ್ಚಿದ. ಪರದೇಶದ ದೊರೆಗೆ ನಿಷ್ಠೆ ಸಲ್ಲಿಸುವ ಪಂಥಗಳೆಂಬ ನೆಪದಲ್ಲಿ ಕ್ಯಾಥೊಲಿಕರನ್ನೂ ಹೊರಗಿಟ್ಟ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮನುಷ್ಯರು ಸಮಾನರಾಗಿ ಹುಟ್ಟುತ್ತಾರೆಂದು ಬರೆದ ಇದೇ ಲಾಕ್, ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ. ಕಪ್ಪು ಗುಲಾಮರ ಮೇಲೆ ಒಡೆಯರಿಗೆ ಸಂಪೂರ್ಣ ಅಧಿಕಾರ ಕೊಟ್ಟ 1669ರ ಕ್ಯಾರೊಲೈನಾ ವಸಾಹತಿನ ಸಂವಿಧಾನದ ಕರಡು ಸಿದ್ಧವಾದಾಗ ವಸಾಹತಿನ ಒಡೆಯರ ಕಾರ್ಯದರ್ಶಿಯಾಗಿ ಅವನ ಕೈಯೂ ಅದರಲ್ಲಿತ್ತು. ಇದನ್ನು ಆ ಕಾಲದ ಮಿತಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅವನ ತತ್ವದ ಪ್ರಕಾರವೇ ಅದು ತಪ್ಪಾಗಿತ್ತು. ಚಾರ್ಲ್ಸ್ ಮಿಲ್ಸ್ 1997ರಲ್ಲಿ, ಅದಕ್ಕೂ ಮೊದಲು ಕ್ಯಾರಲ್ ಪೇಟ್‌ಮನ್ 1988ರಲ್ಲಿ, ಜನರ ಸಮ್ಮತಿಯಿಂದ ಸರ್ಕಾರ ಹುಟ್ಟುತ್ತದೆಂಬ ಈ ಸಾಮಾಜಿಕ ಒಪ್ಪಂದಕ್ಕೆ ಸಹಿ ಹಾಕಿದವರು ಬಿಳಿಯರೇ, ಗಂಡಸರೇ ಎಂದು ತೋರಿಸಿದ್ದು ಈ ಪರಂಪರೆಯ ಮೇಲೆ ಬಂದ ಅತ್ಯಂತ ಗಂಭೀರ ಟೀಕೆ.

ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಈ ಅಂಜಿಕೆಗೆ ಯಂತ್ರರಚನೆಯೊಂದನ್ನು ಒದಗಿಸಿದ. ಅಧಿಕಾರ ಕೈಗೆ ಬಂದವರೆಲ್ಲ ಅದನ್ನು ದುರುಪಯೋಗಪಡಿಸಿಕೊಳ್ಳುವ ಕಡೆಗೇ ಜಾರುತ್ತಾರೆ, ಆದ್ದರಿಂದ ಅಧಿಕಾರವನ್ನು ಅಧಿಕಾರವೇ ತಡೆಯುವಂತೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆ ಬೇರೆ ಇಡಬೇಕು ಎಂದ. ಫ್ರೆಂಚ್ ಕ್ರಾಂತಿಯಲ್ಲಿ ಜನರ ಹೆಸರಿನಲ್ಲೇ ತಲೆಗಳು ಉರುಳಿದ್ದನ್ನು ಕಂಡ ಬೆಂಜಮಿನ್ ಕಾನ್‌ಸ್ಟಂಟ್, 1819ರಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಸಾಮೂಹಿಕ ನಿರ್ಧಾರದಲ್ಲಿ ಪಾಲ್ಗೊಳ್ಳುವ ಪ್ರಾಚೀನರ ಸ್ವಾತಂತ್ರ್ಯ ಒಂದು, ಯಾರ ಅಪ್ಪಣೆಯೂ ಇಲ್ಲದೆ ತನ್ನ ಬದುಕನ್ನು ತಾನು ನಡೆಸುವ ಆಧುನಿಕರ ಸ್ವಾತಂತ್ರ್ಯ ಇನ್ನೊಂದು ಎಂದು ವಿಂಗಡಿಸಿದ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಉಳಿಯುತ್ತದೆಂಬ ಖಾತರಿಯಿಲ್ಲ ಎಂಬ ಅವನ ಎಚ್ಚರಿಕೆ ಹಂಗೇರಿಯ ರಾಜಧಾನಿ ಬುಡಾಪೆಸ್ಟಿನ ಪ್ರಕರಣಕ್ಕೆ ಇನ್ನೂರು ವರ್ಷ ಮೊದಲೇ ಬರೆದ ಟಿಪ್ಪಣಿಯಂತಿದೆ.

1831ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಪ್ರಜಾಪ್ರಭುತ್ವವನ್ನು ಕಣ್ಣಾರೆ ಕಂಡುಬಂದ ಫ್ರಾನ್ಸಿನ ಅಲೆಕ್ಸಿ ದ ತಾಕ್‌ವಿಲ್ ಅಂಜಿದ್ದು ರಾಜನಿಗಲ್ಲ, ಬಹುಸಂಖ್ಯಾತರ ದಬ್ಬಾಳಿಕೆಗೆ. ರಾಜನ ಸರಪಳಿ ದೇಹವನ್ನು ಕಟ್ಟುತ್ತಿತ್ತು, ಬಹುಸಂಖ್ಯಾತರ ಅಸಮಾಧಾನ ಮನಸ್ಸನ್ನೇ ಕಟ್ಟುತ್ತದೆ ಎಂದು ಅವನು ಕಂಡುಕೊಂಡ. ಈ ಮಾತನ್ನು ಮನಸ್ಸಿಗೆ ತೆಗೆದುಕೊಂಡವನು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್. 1859ರಲ್ಲಿ ಪ್ರಕಟವಾದ ‘ಆನ್ ಲಿಬರ್ಟಿ’ಯನ್ನು ಅವನು ಹಿಂದಿನ ವರ್ಷವಷ್ಟೇ ತೀರಿಕೊಂಡ ಪತ್ನಿ ಹ್ಯಾರಿಯೆಟ್ ಟೇಲರ್‌ಗೆ ಅರ್ಪಿಸಿ, ತನ್ನ ಬರಹದ ಉತ್ತಮ ಭಾಗಗಳಿಗೆಲ್ಲ ಆಕೆಯೇ ಪ್ರೇರಣೆ, ಹಲವೆಡೆ ಸಹಲೇಖಕಿ ಎಂದು ಹೇಳಿಕೊಂಡಿದ್ದಾನೆ. ಒಬ್ಬನ ಇಚ್ಛೆಗೆ ವಿರುದ್ಧವಾಗಿ ಸಮಾಜ ಅವನ ಮೇಲೆ ಬಲ ಪ್ರಯೋಗಿಸಲು ಇರಬಹುದಾದ ಒಂದೇ ಸಮರ್ಥನೆ ಇತರರಿಗೆ ಆಗುವ ಹಾನಿಯನ್ನು ತಡೆಯುವುದು. ಅವನ ಒಳಿತಿಗಾಗಿಯೇ ಎಂಬುದು ಬುದ್ಧಿ ಹೇಳಲು ಕಾರಣವಾಗಬಹುದು, ದಂಡಿಸಲು ಆಗದು. ಇದು ಆ ಪುಸ್ತಕದ ಕೇಂದ್ರ ತತ್ವ.

ಅಭಿಪ್ರಾಯ ಸ್ವಾತಂತ್ರ್ಯದ ಬಗ್ಗೆ ಮಿಲ್ ಕೊಡುವ ಕಾರಣಗಳು ನೂರಾರು ಸಲ ಉಲ್ಲೇಖಗೊಂಡಿದ್ದರೂ ಹಳತಾಗಿಲ್ಲ. ನಾವು ಅಡಗಿಸುತ್ತಿರುವ ಮಾತು ನಿಜವಾಗಿರಬಹುದು. ಪೂರ್ತಿ ನಿಜವಲ್ಲದಿದ್ದರೂ ನಮ್ಮ ಬಳಿ ಇಲ್ಲದ ಸತ್ಯದ ಒಂದು ತುಣುಕು ಅದರಲ್ಲಿರಬಹುದು. ಸಂಪೂರ್ಣ ಸುಳ್ಳೇ ಆಗಿದ್ದರೂ, ಅದನ್ನು ಎದುರಿಸಿ ವಾದಿಸುವ ಸಂದರ್ಭ ಇಲ್ಲವಾದರೆ ನಮ್ಮ ಸತ್ಯವೇ ಅರ್ಥ ಕಳೆದುಕೊಂಡು ಬಾಯಿಪಾಠವಾಗಿಬಿಡುತ್ತದೆ. ಹಾಗೆಂದು ಮಿಲ್ ಎಲ್ಲ ಮಾತಿಗೂ ಎಲ್ಲ ಸಂದರ್ಭದಲ್ಲೂ ಪರವಾನಗಿ ಕೊಡಲಿಲ್ಲ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಿದ್ದಾರೆ ಎಂಬ ಅಭಿಪ್ರಾಯ ಪತ್ರಿಕೆಯಲ್ಲಿ ಅಚ್ಚಾದರೆ ಅದನ್ನು ಮುಟ್ಟಬಾರದು. ಅದೇ ಮಾತನ್ನು ವ್ಯಾಪಾರಿಯ ಮನೆಯ ಮುಂದೆ ರೊಚ್ಚಿಗೆದ್ದು ನೆರೆದ ಗುಂಪಿಗೆ ಕೂಗಿ ಹೇಳಿದರೆ ಅದು ಶಿಕ್ಷೆಗೆ ಅರ್ಹವಾಗಬಹುದು. ಮಾತು ಬದಲಾಗಿಲ್ಲ, ಅದು ಕೃತ್ಯಕ್ಕೆ ಎಷ್ಟು ಹತ್ತಿರವಿದೆ ಎಂಬುದು ಬದಲಾಗಿದೆ. 2015ರ ಮಾರ್ಚ್ 24ರಂದು ಭಾರತದ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಗೊಳಿಸುವಾಗ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಬಗೆ ಮಾಡಿ, ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಸಂವಿಧಾನದ ರಕ್ಷಣೆಗೆ ಒಳಪಟ್ಟಿವೆ ಎಂದಿತು. ಸಂಸ್ಥೆಗಳ ಭಾಷೆ ಬೇರೆಯಾಗಿದ್ದರೂ ಆ ಗೆರೆ ಎಳೆದ ಜಾಗ ಮಿಲ್ ಎಳೆದ ಜಾಗಕ್ಕೆ ಬಹಳ ಹತ್ತಿರದಲ್ಲಿದೆ.

ಭಾರತೀಯ ಓದುಗನಿಗೆ ಮಿಲ್‌ನನ್ನು ಇಷ್ಟಕ್ಕೇ ಬಿಟ್ಟು ಮುಂದೆ ಹೋಗಲಾಗದು. ಹದಿನೇಳನೇ ವಯಸ್ಸಿಗೆ, 1823ರಲ್ಲಿ, ಅವನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಗೆ ಗುಮಾಸ್ತನಾಗಿ ಸೇರಿದ. 1858ರಲ್ಲಿ ಬ್ರಿಟಿಷ್ ಸಾಮ್ರಾಟರ ಸರ್ಕಾರ ಕಂಪನಿಯಿಂದ ಆಡಳಿತವನ್ನು ಕಿತ್ತುಕೊಂಡಾಗ ಹಿರಿಯ ಅಧಿಕಾರಿಯಾಗಿ ನಿವೃತ್ತನಾದ, ಅದಕ್ಕೂ ಮೊದಲು ಕಂಪನಿಯ ಪರವಾಗಿ ಮನವಿಯನ್ನೂ ಬರೆದುಕೊಟ್ಟ. ಮೂವತ್ತೈದು ವರ್ಷ ಭಾರತದ ಕಡತಗಳನ್ನು ತಿದ್ದಿದ ಈ ಮನುಷ್ಯ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಆ ಪ್ರಸಿದ್ಧ ಹಾನಿ ತತ್ವ ಮಂಡನೆಯಾದ ಅದೇ ಅಧ್ಯಾಯದಲ್ಲಿ, ಹಿಂದುಳಿದ ಸಮಾಜಗಳಿಗೆ ಇದು ಅನ್ವಯಿಸುವುದಿಲ್ಲ, ಉದ್ದೇಶ ಅವರ ಸುಧಾರಣೆಯಾಗಿದ್ದರೆ ಅನಾಗರಿಕರನ್ನು ಆಳಲು ನಿರಂಕುಶತೆ ನ್ಯಾಯವಾದ ಮಾರ್ಗವೇ ಎಂಬ ಸಾಲಿದೆ. ಯಾರು ಸಾಕಷ್ಟು ಸುಧಾರಿಸಿದ್ದಾರೆ ಎಂದು ತೀರ್ಮಾನಿಸುವವರು ಆಳುವವರೇ ಆದಾಗ, ಅಧಿಕಾರ ಕಾರಣ ಕೊಡಬೇಕೆಂಬ ಬೇಡಿಕೆಯೇ ಕುಸಿಯುತ್ತದೆ. ಇದೇ ಮಿಲ್ 1867ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ಬೇಕೆಂದು ತಿದ್ದುಪಡಿ ಮಂಡಿಸಿ 73 ಮತ ಪಡೆದು ಸೋತ. ಜಮೈಕಾದಲ್ಲಿ ಕಪ್ಪು ಜನರ ದಂಗೆಯನ್ನು ರಕ್ತಪಾತದಿಂದ ಹತ್ತಿಕ್ಕಿದ ಗವರ್ನರ್ ಐರ್‌ನನ್ನು ಕೊಲೆಗಾಗಿ ವಿಚಾರಣೆಗೆ ಒಳಪಡಿಸಬೇಕೆಂದು ವರ್ಷಗಟ್ಟಲೆ ಹೋರಾಡಿ ತನ್ನ ಮತದಾರರ ಸಿಟ್ಟಿಗೂ ಗುರಿಯಾದ. ಒಬ್ಬನೇ ವ್ಯಕ್ತಿಯಲ್ಲಿ ಇವೆಲ್ಲ ಇದ್ದವು.

ಆದರೆ ಪುಸ್ತಕಗಳು ಲೇಖಕರ ಅಂಕೆಯಲ್ಲಿ ಉಳಿಯುವುದಿಲ್ಲ. ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನಿಂದಲೇ ಲಿಬರಲ್ ಪಕ್ಷದ ಸದಸ್ಯರಾಗಿ ಬ್ರಿಟಿಷ್ ಸಂಸತ್ತನ್ನು ಪ್ರವೇಶಿಸಿ, ಬ್ರಿಟಿಷರದೇ ತತ್ವಗಳನ್ನು ಮುಂದಿಟ್ಟು ಅವರ ಆಳ್ವಿಕೆಗೆ ಲೆಕ್ಕ ಕೇಳಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ತಮ್ಮ ಕೊನೆಯ ಮಹತ್ವದ ಭಾಷಣ ಮಾಡಿದ ಡಾ. ಬಿ. ಆರ್. ಅಂಬೇಡ್ಕರ್, ಮಿಲ್‌ನ ಎಚ್ಚರಿಕೆಯೊಂದನ್ನು ಅವನ ಹೆಸರು ಹೇಳಿಯೇ ಉದ್ಧರಿಸಿದರು: ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಪಾದಗಳಲ್ಲಿ ತಮ್ಮ ಸ್ವಾತಂತ್ರ್ಯವನ್ನು ಜನರು ಇಡಬಾರದು, ಸಂಸ್ಥೆಗಳನ್ನೇ ಬುಡಮೇಲು ಮಾಡಬಲ್ಲಷ್ಟು ಅಧಿಕಾರವನ್ನು ಅವನಿಗೆ ನಂಬಿ ಕೊಡಬಾರದು. ಒಂದು ವರ್ಷ ಮೊದಲು, ಕರಡನ್ನು ಮಂಡಿಸುವಾಗ, ಗ್ರಾಮವನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದಕ್ಕೆ ಸಂತೋಷವಿದೆ ಎಂದೂ ಅವರು ಹೇಳಿದ್ದರು. ಲಾಕ್ ಮತ್ತು ಮಿಲ್ ಕಾಣದೇ ಹೋದ ಅಧಿಕಾರವೊಂದನ್ನು, ಅಂದರೆ ಜಾತಿಯ ಅಧಿಕಾರವನ್ನು, ಅಂಬೇಡ್ಕರ್ ಅದೇ ಪ್ರಶ್ನೆಯ ಎದುರು ನಿಲ್ಲಿಸಿದರು. ಸ್ವಾತಂತ್ರ್ಯವನ್ನು ಸಮಾನತೆಯಿಂದ, ಎರಡನ್ನೂ ಬಂಧುತ್ವದಿಂದ ಬೇರ್ಪಡಿಸಲಾಗದೆಂದು ಅದೇ ನವೆಂಬರ್ ಭಾಷಣದಲ್ಲಿ ಅವರು ವಿವರಿಸಿದ ಪರಿ, ನನ್ನ ಮಟ್ಟಿಗೆ, ಈ ಪರಂಪರೆಯೊಳಗೆ ಇಂಗ್ಲಿಷ್ ಪುಸ್ತಕಗಳು ಇನ್ನೂ ಸರಿಯಾಗಿ ಗುರುತಿಸದ ಒಂದು ಕೊಡುಗೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉದಾರವಾದ ಒಳಗಿನಿಂದಲೇ ಎರಡಾಗಿ ಸೀಳಿತು, ಇಂದಿನ ಗೊಂದಲಗಳಲ್ಲಿ ಅರ್ಧದಷ್ಟು ಅಲ್ಲಿಂದ ಬಂದವು. ಆಕ್ಸ್‌ಫರ್ಡಿನ ಟಿ. ಎಚ್. ಗ್ರೀನ್ 1881ರ ಉಪನ್ಯಾಸದಲ್ಲಿ ಕೇಳಿದ ಪ್ರಶ್ನೆ ಹೀಗಿತ್ತು: ಹಸಿದ ಕೂಲಿಯವನು ಮಾಲೀಕನೊಡನೆ ಮಾಡಿಕೊಳ್ಳುವ ಒಪ್ಪಂದವನ್ನು ಸ್ವತಂತ್ರ ಒಪ್ಪಂದವೆಂದು ಹೇಗೆ ಕರೆಯುವುದು? ಬಲವಂತ ಇಲ್ಲದಿರುವುದಷ್ಟೇ ಸ್ವಾತಂತ್ರ್ಯವಲ್ಲ, ಮಾಡಲು ಯೋಗ್ಯವಾದದ್ದನ್ನು ಮಾಡುವ ಸಾಮರ್ಥ್ಯವೂ ಬೇಕು ಎಂಬ ಈ ದಾರಿಯಲ್ಲಿ ಹಾಬ್‌ಹೌಸ್ ಮುಂತಾದವರು ನಡೆದರು. ಶಿಕ್ಷಣ, ಕಾರ್ಖಾನೆ ಕಾಯ್ದೆ, ಪಿಂಚಣಿಗಳನ್ನು ಉದಾರವಾದದ ಹೆಸರಿನಲ್ಲೇ ಸಮರ್ಥಿಸಿದರು. ಇದಕ್ಕೆ ಎದುರಾಗಿ ನಿಂತವರು ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್. 1944ರ ‘ದ ರೋಡ್ ಟು ಸರ್ಫ್‌ಡಮ್’ ಪುಸ್ತಕದಲ್ಲಿ ಅವರು ಎಚ್ಚರಿಸಿದ್ದು ಕೇಂದ್ರೀಕೃತ ಯೋಜನೆಯ ಅಪಾಯದ ಬಗ್ಗೆ. ಒಂದು ಸಮಾಜದ ಲಕ್ಷಾಂತರ ಜನರಲ್ಲಿ ಹಂಚಿಹೋಗಿರುವ ಸಣ್ಣ ಸಣ್ಣ ತಿಳಿವಳಿಕೆಯನ್ನು ಯಾವ ಕಚೇರಿಯೂ ಒಂದೆಡೆ ಸೇರಿಸಲಾರದು, ಬೆಲೆಗಳ ಏರಿಳಿತ ಆ ಕೆಲಸವನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡುತ್ತದೆ ಎಂಬ ಅವರ ವಾದ ಗಟ್ಟಿಯಾದದ್ದು. ಅವರನ್ನು ಹೊಗಳುವವರೂ ತೆಗಳುವವರೂ ಮರೆಯುವ ವಿಷಯವೆಂದರೆ, 1944ರ ಅದೇ ಪುಸ್ತಕದಲ್ಲಿ ಎಲ್ಲರಿಗೂ ಕನಿಷ್ಠ ಆಹಾರ, ವಸತಿ, ಬಟ್ಟೆಯ ಭರವಸೆಯನ್ನು ಅವರು ಒಪ್ಪಿದ್ದರು. ಆದರೆ 1981ರಲ್ಲಿ ಸೇನಾ ಸರ್ವಾಧಿಕಾರಿ ಪಿನೊಶೆ ಆಳುತ್ತಿದ್ದ ಚಿಲಿಯ ಪತ್ರಿಕೆಯೊಂದಕ್ಕೆ, ಉದಾರವಾದವಿಲ್ಲದ ಪ್ರಜಾಪ್ರಭುತ್ವಕ್ಕಿಂತ ಉದಾರವಾದಿ ಸರ್ವಾಧಿಕಾರಿಯೇ ತಮಗೆ ಇಷ್ಟ ಎಂದವರೂ ಅವರೇ. ಸಾವಿರಾರು ಜನರನ್ನು ಕೊಂದ, ಕಾಣೆಯಾಗಿಸಿದ ಆಡಳಿತದ ನೆಲದಲ್ಲಿ ಆಡಿದ ಆ ಮಾತು ಉದಾರವಾದಕ್ಕೆ ಮಾಡಿದ ಹಾನಿ ಇಂದಿಗೂ ಮಾಸಿಲ್ಲ. ಒರ್ಬಾನ್ ಮತವನ್ನು ಉಳಿಸಿಕೊಂಡು ಲಗಾಮನ್ನು ಕಿತ್ತರು. ಹಯೆಕ್ ಮಾರುಕಟ್ಟೆಯನ್ನು ಉಳಿಸಿಕೊಂಡು ಮತವನ್ನೇ ಬಿಡಲು ಸಿದ್ಧರಾದರು.

ಲಾಟ್ವಿಯಾದ ರಿಗಾ ನಗರದಲ್ಲಿ 1909ರಲ್ಲಿ ಹುಟ್ಟಿದ ಚಿಂತಕ ಐಸೇಯಾ ಬರ್ಲಿನ್, 1917ರಲ್ಲಿ, ರಷ್ಯಾದ ಕ್ರಾಂತಿಯ ದಿನಗಳಲ್ಲಿ, ಪೆಟ್ರೊಗ್ರಾಡಿನ ಬೀದಿಯಲ್ಲಿ ಗುಂಪೊಂದು ಪೊಲೀಸನೊಬ್ಬನನ್ನು ಸಾವಿನ ಕಡೆಗೆ ಎಳೆದೊಯ್ಯುತ್ತಿದ್ದುದನ್ನು ಬಾಲಕನಾಗಿದ್ದಾಗ ಕಂಡು, ಆ ದೃಶ್ಯವನ್ನು ಜೀವನವಿಡೀ ಮರೆಯಲಿಲ್ಲ. 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಅವರು ಇತರರ ಅಡ್ಡಿಯಿಲ್ಲದಿರುವ ನಕಾರಾತ್ಮಕ ಸ್ವಾತಂತ್ರ್ಯವನ್ನೂ ತನ್ನ ಒಡೆಯ ತಾನೇ ಆಗುವ ಸಕಾರಾತ್ಮಕ ಸ್ವಾತಂತ್ರ್ಯವನ್ನೂ ಬೇರ್ಪಡಿಸಿದರು. ಎರಡನೆಯದು ಕೆಟ್ಟದ್ದೆಂದು ಅವರು ಹೇಳಲಿಲ್ಲ. ನಿನ್ನ ನಿಜವಾದ ಹಿತ ಯಾವುದೆಂದು ನಿನಗಿಂತ ನಮಗೇ ಚೆನ್ನಾಗಿ ಗೊತ್ತು, ಆದ್ದರಿಂದ ನಿನ್ನನ್ನು ಬಲವಂತಪಡಿಸುವುದೇ ನಿನ್ನ ಬಿಡುಗಡೆ ಎಂದು ಹೇಳುವ ಆಳುವವರ ಕೈಗೆ ಅದು ಸುಲಭವಾಗಿ ಸಿಗುತ್ತದೆ ಎಂದು ತೋರಿಸಿದರು. ಬದುಕಿನ ಮೌಲ್ಯಗಳು ಒಂದೇ ಗಂಟಿನಲ್ಲಿ ಕೂಡಿಬರುವುದಿಲ್ಲ. ಸಮಾನತೆಗಾಗಿ ಒಂದಿಷ್ಟು ಸ್ವಾತಂತ್ರ್ಯವನ್ನು ಬಿಡಬೇಕಾಗಬಹುದು, ಆಗ ಬಿಟ್ಟದ್ದು ನಷ್ಟವೇ ಎಂದು ಒಪ್ಪಿಕೊಳ್ಳಬೇಕು ಎಂಬ ಅವರ ನಿಲುವಿನಲ್ಲಿ ರಾಜಕೀಯದಲ್ಲಿ ಅಪರೂಪವಾದ ಪ್ರಾಮಾಣಿಕತೆಯಿದೆ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ನ್ಯಾಯಸಿದ್ಧಾಂತ ಗ್ರೀನ್ ಕೇಳಿದ ಪ್ರಶ್ನೆಗೆ ಕೊಟ್ಟ ಅತ್ಯಂತ ವ್ಯವಸ್ಥಿತ ಉತ್ತರ. ಬಾಲ್ಯದಲ್ಲಿ ಅವರಿಗೆ ಬಂದ ಕಾಯಿಲೆಗಳು ತಗುಲಿ ಇಬ್ಬರು ತಮ್ಮಂದಿರು ಒಂದು ವರ್ಷದ ಅಂತರದಲ್ಲಿ ತೀರಿಕೊಂಡರು, ಅವರು ಮಾತ್ರ ಉಳಿದರು. ಬದುಕಿನಲ್ಲಿ ಅದೃಷ್ಟಕ್ಕೆ ಯಾವ ಅರ್ಹತೆಯೂ ಇಲ್ಲ ಎಂಬ ಅರಿವು ಅವರ ಬರಹದ ಪುಟಪುಟದಲ್ಲೂ ಇದೆ. ಅವರು ಓದುಗರಿಗೆ ಒಡ್ಡುವ ಪ್ರಯೋಗ ಇದು: ನೀವು ಯಾವ ಮನೆಯಲ್ಲಿ, ಯಾವ ಲಿಂಗದಲ್ಲಿ, ಯಾವ ಪ್ರತಿಭೆ ಅಥವಾ ಅಂಗವೈಕಲ್ಯದೊಡನೆ, ಯಾವ ನಂಬಿಕೆಯಲ್ಲಿ ಹುಟ್ಟುತ್ತೀರೆಂಬುದು ಅಜ್ಞಾನದ ಪರದೆಯ ಹಿಂದೆ ನಿಮಗೇ ತಿಳಿಯದು. ಆ ಸ್ಥಿತಿಯಲ್ಲಿ ಸಮಾಜದ ನಿಯಮಗಳನ್ನು ಆರಿಸಬೇಕು. ಆಗ ಎಲ್ಲರೂ ಮೊದಲು ಸಮಾನವಾದ ಮೂಲ ಸ್ವಾತಂತ್ರ್ಯಗಳನ್ನು ಕೇಳುತ್ತಾರೆ; ಅನಂತರ, ಅಸಮಾನತೆ ಇರಲೇಬೇಕೆಂದರೆ ಅದು ಎಲ್ಲರಿಗೂ ತೆರೆದ ಅವಕಾಶಗಳ ಜೊತೆಗೆ ಬರಬೇಕು, ಅತ್ಯಂತ ಕೆಳಗಿರುವವರಿಗೂ ಅದರಿಂದ ಆದಷ್ಟು ಹೆಚ್ಚು ಲಾಭವಾಗಬೇಕು ಎಂದು ಒಪ್ಪುತ್ತಾರೆ ಎಂಬುದು ರಾಲ್ಸ್ ವಾದ. ಮೂಲ ಸ್ವಾತಂತ್ರ್ಯಗಳನ್ನು ಆರ್ಥಿಕ ಲಾಭಕ್ಕಾಗಿ ಮಾರಿಕೊಳ್ಳುವಂತಿಲ್ಲ ಎಂದು ಅವರು ಇಟ್ಟ ಆದ್ಯತಾಕ್ರಮ, ಬೆಳವಣಿಗೆಗಾಗಿ ಹಕ್ಕುಗಳನ್ನು ಸ್ವಲ್ಪ ಕಾಲ ಬದಿಗಿಡೋಣ ಎನ್ನುವ ಇಂದಿನ ಜನಪ್ರಿಯ ಮಾತಿಗೆ ನೇರ ನಿರಾಕರಣೆ.

ಅವರ ಹಾರ್ವರ್ಡ್ ಸಹೋದ್ಯೋಗಿ ರಾಬರ್ಟ್ ನೋಜಿಕ್ 1974ರಲ್ಲಿ ಕೊಟ್ಟ ಪ್ರತ್ಯುತ್ತರದಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್ ಬರುತ್ತಾನೆ. ಆಟ ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟುಗಳನ್ನು ಸಂತೋಷದಿಂದ ಅವನಿಗೆ ಕೊಟ್ಟರೆ, ಅವನ ಬಳಿ ಸೇರುವ ಎರಡೂವರೆ ಲಕ್ಷ ಡಾಲರುಗಳಲ್ಲಿ ಅನ್ಯಾಯ ಎಲ್ಲಿಂದ ಬಂತು? ಹಂಚಿಕೆಯ ಯಾವುದೇ ಮಾದರಿಯನ್ನು ಕಾಪಾಡಬೇಕಾದರೆ ಜನರ ಬದುಕಿನಲ್ಲಿ ನಿರಂತರವಾಗಿ ಕೈ ಹಾಕಬೇಕಾಗುತ್ತದೆ ಎಂಬ ಈ ಆಕ್ಷೇಪಣೆಗೆ ತೂಕವಿದೆ. ಆದರೆ ಆಸ್ತಿಯ ಮೂಲ ಗಳಿಕೆಯೇ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸಬೇಕೆಂದು ನೋಜಿಕ್ ತಾವೇ ಒಪ್ಪಿದ್ದರು. ವಸಾಹತು, ಗುಲಾಮಗಿರಿ, ಭೂಕಬಳಿಕೆಗಳ ಇತಿಹಾಸವಿರುವ ಜಗತ್ತಿನಲ್ಲಿ ಆ ಒಂದು ಒಪ್ಪಿಗೆ ಅವರ ಕಟ್ಟಡದ ಬುಡವನ್ನೇ ಅಲುಗಿಸುತ್ತದೆಂಬುದು ನನ್ನ ಅಭಿಪ್ರಾಯ.

ಇವರೆಲ್ಲರ ನಡುವೆ ನನಗೆ ಇಂದಿಗೆ ಅತ್ಯಂತ ಅಗತ್ಯವೆನಿಸುವವರು ರಾಜಕೀಯ ಚಿಂತಕಿ ಜ್ಯುಡಿತ್ ಶ್ಕ್ಲಾರ್. ಬರ್ಲಿನ್ ಹುಟ್ಟಿದ ರಿಗಾದಲ್ಲೇ 1928ರಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿ, ಯುದ್ಧ ಸಮೀಪಿಸಿದಾಗ ಸ್ವೀಡನ್, ಸೈಬೀರಿಯಾ, ಜಪಾನ್ ಮಾರ್ಗವಾಗಿ ತಪ್ಪಿಸಿಕೊಂಡು ಕೆನಡಾ ಸೇರಿದವರು. 1989ರಲ್ಲಿ, ಇತಿಹಾಸದ ಅಂತ್ಯವನ್ನು, ಅಂದರೆ ಉದಾರವಾದಿ ಪ್ರಜಾಪ್ರಭುತ್ವಕ್ಕೆ ಇನ್ನು ಎದುರಾಳಿಯಿಲ್ಲ ಎಂಬ ವಾದವನ್ನು, ಫ್ರಾನ್ಸಿಸ್ ಫುಕುಯಾಮ ಚರ್ಚೆಗಿಟ್ಟ ಅದೇ ವರ್ಷ, ಶ್ಕ್ಲಾರ್ ಭಯದ ಉದಾರವಾದ ಎಂಬ ಪ್ರಬಂಧ ಬರೆದರು. ಒಳ್ಳೆಯ ಬದುಕು ಯಾವುದೆಂದು ಉದಾರವಾದ ಹೇಳಬೇಕಿಲ್ಲ. ಮನುಷ್ಯರು ಒಬ್ಬರಿಗೊಬ್ಬರು ಮಾಡಬಲ್ಲ ಕೆಡುಕುಗಳಲ್ಲಿ ಕ್ರೌರ್ಯವನ್ನು ಮೊದಲಿಗಿಟ್ಟು, ಶಸ್ತ್ರ, ಜೈಲು, ಪೊಲೀಸ್ ಕೈಯಲ್ಲಿರುವವರಿಂದ ದುರ್ಬಲರಿಗೆ ಉಂಟಾಗುವ ಭಯವನ್ನು ತಗ್ಗಿಸುವುದೇ ಅದರ ಮೊದಲ ಕೆಲಸ ಎಂದರು. ಈ ಉದಾರವಾದಕ್ಕೆ ಪ್ರಗತಿಯ ಕಥೆ ಬೇಕಿಲ್ಲ, ಯುರೋಪಿನ ಜೀವನಶೈಲಿಯೂ ಬೇಕಿಲ್ಲ. ಠಾಣೆಯ ಮೆಟ್ಟಿಲು ಹತ್ತುವಾಗ ಕಾಲು ನಡುಗುವ ಯಾವ ದೇಶದ ಮನುಷ್ಯನಿಗೂ ಅದು ಅರ್ಥವಾಗುತ್ತದೆ.

ಇಂದಿನ ಟೀಕಾಕಾರರಿಗೆ ಈ ಭೇದಗಳ ಬಗ್ಗೆ ತಾಳ್ಮೆ ಕಡಿಮೆ. ಅಮೆರಿಕದ ಪ್ಯಾಟ್ರಿಕ್ ಡೆನೀನ್ 2018ರಲ್ಲಿ ಉದಾರವಾದ ಸೋತದ್ದು ತಾನು ಗೆದ್ದ ಕಾರಣದಿಂದಲೇ ಎಂದು ಬರೆದರು: ಕುಟುಂಬ, ಊರು, ಧರ್ಮಗಳ ಬಂಧವನ್ನು ಸಡಿಲಿಸಿ ಅದು ಮನುಷ್ಯರನ್ನು ಒಂಟಿಯಾಗಿಸಿತು, ಒಂಟಿಯಾದವರು ಮಾರುಕಟ್ಟೆ ಮತ್ತು ಸರ್ಕಾರ ಎರಡಕ್ಕೂ ಅಧೀನರಾದರು ಎಂಬುದು ಅವರ ದೂರು. ಕಾರ್ಖಾನೆಗಳು ಮುಚ್ಚಿ ಪಾಳುಬಿದ್ದ ಊರುಗಳನ್ನು ಕಂಡವರು ಈ ದೂರನ್ನು ಹಗುರವಾಗಿ ನೋಡಲಾರರು. ಆದರೆ ಇದು ಹಯೆಕ್ ಅವರ ಒಂದು ಓದಿಗೆ ತಗಲುವಷ್ಟು ಗ್ರೀನ್, ರಾಲ್ಸ್, ಅಂಬೇಡ್ಕರರಿಗೆ ತಗಲುವುದಿಲ್ಲ. ಸಮುದಾಯದ ಬಂಧ ಒಳಗಿರುವ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ ಎಂಬುದನ್ನು ದಲಿತ ಕೇರಿಯಿಂದಲೋ ಅಡುಗೆಮನೆಯಿಂದಲೋ ನೋಡಿದವರು ಬಲ್ಲರು. ಒರ್ಬಾನ್ ಮಾದರಿಯವರ ವಾದ ಇದಕ್ಕಿಂತ ಬೇರೆ. ಬಹುಮತ ಪಡೆದ ಮೇಲೆ ಲಗಾಮು ಏಕೆ ಎಂದು ಅವರು ಕೇಳುತ್ತಾರೆ. ಬಹುಮತ ಎಂಬುದು ಒಂದು ದಿನದ ಎಣಿಕೆ, ನಾಳೆ ಅದು ಬದಲಾಗಲು ಸಾಧ್ಯವಾಗುವಂತೆ ನ್ಯಾಯಾಲಯ, ಪತ್ರಿಕೆ, ವಿಶ್ವವಿದ್ಯಾಲಯಗಳು ಉಳಿದಿರಬೇಕು ಎಂಬುದು ತಾಕ್‌ವಿಲ್‌ನಿಂದ ಶ್ಕ್ಲಾರ್‌ವರೆಗಿನ ಉತ್ತರ. ಬುಡಾಪೆಸ್ಟಿನಲ್ಲಿದ್ದ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯ, ವಿದೇಶಿ ವಿಶ್ವವಿದ್ಯಾಲಯಗಳ ಮೇಲೆ ಹೊಸ ಷರತ್ತು ಹೇರಿದ 2017ರ ಕಾನೂನಿನ ನಂತರ, ತನ್ನ ತರಗತಿಗಳನ್ನು ವಿಯೆನ್ನಾಕ್ಕೆ ಸಾಗಿಸಬೇಕಾಯಿತು. ಆ ಕಾನೂನು ತಪ್ಪೆಂದು ಯುರೋಪಿಯನ್ ನ್ಯಾಯಾಲಯ 2020ರಲ್ಲಿ ಹೇಳುವ ವೇಳೆಗೆ ಅದು ಊರು ಬಿಟ್ಟಾಗಿತ್ತು.

ಉದಾರವಾದಿಗಳು ನಿಜಕ್ಕೂ ತಡವರಿಸುವ ಜಾಗ ಬೇರೆ ಇದೆ, ಅದು ಖಾಸಗಿ ಅಧಿಕಾರ. ಸರ್ಕಾರಕ್ಕೆ ಅಂಜುವ ಭಾಷೆಯನ್ನು ಈ ಪರಂಪರೆ ಮೂರು ಶತಮಾನ ತಿದ್ದಿ ತೀಡಿದೆ. ಕಂಪನಿಗೆ ಅಂಜುವ ಭಾಷೆ ಅದರಲ್ಲಿ ಇನ್ನೂ ತೊದಲುತ್ತದೆ. ತತ್ವಜ್ಞಾನಿ ಎಲಿಜಬೆತ್ ಆಂಡರ್ಸನ್ 2017ರಲ್ಲಿ, ಅಮೆರಿಕದ ಉದ್ಯೋಗದಾತರು ಕೆಲಸಗಾರರ ಮೇಲೆ ನಡೆಸುವುದು ಒಂದು ಬಗೆಯ ಖಾಸಗಿ ಸರ್ಕಾರವನ್ನೇ, ಅಲ್ಲಿ ಸಂವಿಧಾನವಿಲ್ಲ, ಮೇಲ್ಮನವಿಯಿಲ್ಲ ಎಂದು ತೋರಿಸಿ ಈ ಕೊರತೆಯನ್ನು ತುಂಬಲು ಹೊರಟರು. ಮಾಹಿತಿಯ ವಿಷಯದಲ್ಲಿ ಇದೇ ಪ್ರಶ್ನೆಯ ಒಂದು ಮುಖವನ್ನು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದಾಗ, ಮಿಲ್‌ನ ಹೆಸರೂ ಆ ತೀರ್ಪಿನಲ್ಲಿ ಬಂತು. ಆದರೆ ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ವಿರುದ್ಧ ನಿಲ್ಲುತ್ತವೆ. ಮೊಬೈಲಿನ ಆ್ಯಪ್‌ನ ವಿರುದ್ಧ ಅವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಊಟ ತಲುಪಿಸುವ, ಕಾರು ಓಡಿಸುವ ಒಬ್ಬ ಕೆಲಸಗಾರನ ಖಾತೆಯನ್ನು ಯಂತ್ರವೊಂದು ಲೆಕ್ಕ ಹಾಕಿ ಒಂದು ಬೆಳಿಗ್ಗೆ ಸ್ಥಗಿತಗೊಳಿಸಿದರೆ, ಅವನು ಆರಿಸದ, ಕಾಣದ, ಪ್ರಶ್ನಿಸಲಾಗದ ಅಧಿಕಾರಕ್ಕೆ ಅವನ ಅಂದಿನ ಅನ್ನ ಒಳಪಟ್ಟಿರುತ್ತದೆ. ಲಾಕ್ ಯಾವುದನ್ನು ಮನಸ್ಸಿಗೆ ಬಂದಂತೆ ಆಳುವುದೆಂದು ಕರೆದನೋ ಅದರ ಎಲ್ಲ ಲಕ್ಷಣಗಳೂ ಇಲ್ಲಿವೆ, ಸಿಂಹಾಸನವೊಂದನ್ನು ಬಿಟ್ಟು. ಇಂಥ ಗಿಗ್ (ಆ್ಯಪ್ ಆಧಾರಿತ) ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು ಅವರಿಗಾಗಿ ಕಲ್ಯಾಣ ನಿಧಿಯನ್ನು ಏರ್ಪಡಿಸುವುದರ ಜೊತೆಗೆ, ಅವರ ಮೇಲೆ ನಿಗಾ ಇಡುವ ಮತ್ತು ತೀರ್ಮಾನ ಕೈಗೊಳ್ಳುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಮಾಹಿತಿ ಕೊಡಬೇಕೆಂದೂ ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಕೊಡಬೇಕೆಂದೂ ಕಂಪನಿಗಳಿಗೆ ವಿಧಿಸುತ್ತದೆ. ಕಾರಣವನ್ನು ಪರಿಶೀಲಿಸುವ ಅಧಿಕಾರಿಗೆ ಆ ಯಂತ್ರದ ಲೆಕ್ಕವನ್ನು ಓದುವ ತರಬೇತಿ ಇದೆಯೇ, ತೀರ್ಮಾನ ಬರುವವರೆಗೆ ಕೆಲಸಗಾರನ ದಿನದ ದುಡಿಮೆ ನಡೆಯುತ್ತದೆಯೇ, ಕೊಟ್ಟ ಕಾರಣ ಸುಳ್ಳೆಂದು ಕಂಡಾಗ ಕಂಪನಿಗೆ ನಿಜವಾಗಿಯೂ ಬಿಸಿ ಮುಟ್ಟುತ್ತದೆಯೇ ಎಂಬುದು ಜಾರಿಯಲ್ಲಿ ತಿಳಿಯಬೇಕು. ಹಂಗೇರಿಯಲ್ಲಿ ಎರಡು ನ್ಯಾಯಾಲಯಗಳ ತೀರ್ಪು ಬಂದರೂ ನ್ಯಾಯಾಧೀಶರು ಕುರ್ಚಿಗೆ ಮರಳಲು ಪಟ್ಟ ಪಾಡನ್ನು ನೋಡಿದರೆ, ಕಾರಣ ಕೇಳುವ ಹಕ್ಕಿನಷ್ಟೇ ಅದು ಸಕಾಲದಲ್ಲಿ ಸಿಗುವ ಏರ್ಪಾಡೂ ಮುಖ್ಯವಾಗುತ್ತದೆ. ಕರ್ನಾಟಕದ ಈ ಕಾನೂನನ್ನು ಜಾರಿಗೊಳಿಸುವವರು ಮೊದಲು ಗಮನಿಸಬೇಕಾದದ್ದು ಅದನ್ನೇ.